ನಿಮ್ಮ ಆಟಕ್ಕೆ ತಕ್ಕ ಬ್ಯಾಡ್ಮಿಂಟನ್ ರಾಕೆಟ್ ಆರಿಸುವುದು ಹೇಗೆ?

ಭಾನುವಾರ ಬೆಳಿಗ್ಗೆ ಬೆಂಗಳೂರಿನ ಯಾವುದಾದರೂ ಇಂಡೋರ್ ಕೋರ್ಟಿಗೆ ಹೋಗಿ ನೋಡಿ. ಶಟಲ್ ಆಡೋಕೆ ಈಗಷ್ಟೇ ಶುರು ಮಾಡಿದವರ ಕೈಯಲ್ಲಿ ಒಲಿಂಪಿಕ್ಸ್ ಚಾಂಪಿಯನ್ ಹಿಡಿಯುವಂಥ ರಾಕೆಟ್ ಇರುತ್ತದೆ. ಹಿಂದಿನ ಗೆರೆಯಲ್ಲಿ ನಿಂತು ಮೈಯೆಲ್ಲ ಬಳಸಿ ಹೊಡೆದರೂ ಶಟಲ್ ಎದುರಿನವರ ಅರ್ಧ ಕೋರ್ಟಿಗೇ ಬಿದ್ದುಬಿಡುತ್ತದೆ. ಅದನ್ನು ಸರಿಮಾಡಲು ಇನ್ನೂ ಜೋರಾಗಿ ಬೀಸುತ್ತಾರೆ, ಆಮೇಲೆ ಮೊಣಕೈ ನೋವು ಅಂತ ಆಟವನ್ನೇ ಬಿಡುತ್ತಾರೆ. ಇದನ್ನು ನೋಡಿದಾಗಲೆಲ್ಲ ನನಗೆ ಬೇಜಾರಾಗುತ್ತದೆ. ಇವರಿಗೆ ಸರಿಯಾದ ರಾಕೆಟ್ ಇದರ ಕಾಲು ಭಾಗದ ಬೆಲೆಗೆ ಸಿಗುತ್ತಿತ್ತು. ಹಾಗಾಗಿ ಅಂಗಡಿಗೆ ಹೋಗುವ ಮುಂಚೆ ಇದನ್ನೊಮ್ಮೆ ಓದಿಕೊಳ್ಳಿ.

1. ಮೊದಲು ನಿಮ್ಮ ಆಟ ಎಲ್ಲಿದೆ ಅಂತ ತಿಳಿಯಿರಿ

"ನಾನು ಇಂಟರ್‌ಮೀಡಿಯೆಟ್" ಅಂತ ಎಲ್ಲರೂ ಹೇಳುತ್ತಾರೆ. ಆ ಮಾತು ಬಿಡಿ, ಕೋರ್ಟಿನಲ್ಲಿ ಒಂದು ಪರೀಕ್ಷೆ ಮಾಡಿ. ನಿಮ್ಮ ಕಡೆಯ ಕೊನೆಯ ಗೆರೆಯ ಹತ್ತಿರ ನಿಲ್ಲಿ. ಗೆಳೆಯರೊಬ್ಬರು ಎತ್ತರಕ್ಕೆ ಎತ್ತಿಕೊಡಲಿ. ತಲೆಯ ಮೇಲಿಂದ ಕ್ಲಿಯರ್ ಹೊಡೆಯಿರಿ, ಅಂದರೆ ಶಟಲ್ ಎತ್ತರಕ್ಕೆ ಏರಿ ಎದುರಿನ ಕೊನೆಗೆ ಹೋಗುವಂತೆ. ಎದುರುಗಡೆ ಕೊನೆಯಲ್ಲಿ ಎರಡು ಗೆರೆಗಳಿವೆ ಅಲ್ವಾ, ಬೇಸ್‌ಲೈನು ಮತ್ತು ಅದಕ್ಕಿಂತ 76 ಸೆಂಟಿಮೀಟರ್ ಒಳಗಿರುವ ಡಬಲ್ಸ್ ಸರ್ವಿಸ್ ಗೆರೆ. ಹತ್ತು ಹೊಡೆತದಲ್ಲಿ ಏಳೆಂಟು ಆ ಪಟ್ಟಿಯೊಳಗೆ ಬಿದ್ದರೆ, ಅದೂ ಭುಜ ಹಿಂಡದೆ ಆರಾಮಾಗಿ ಹೋದರೆ, ನೀವು ಮಧ್ಯಮ ಹಂತ ದಾಟಿದ್ದೀರಿ. ಒಂದೆರಡು ಮಾತ್ರ ಅಲ್ಲಿಗೆ ತಲುಪಿ, ಉಳಿದವು ಅದಕ್ಕೆ ಒಂದೆರಡು ಮೀಟರ್ ಮುಂಚೆಯೇ ಬಿದ್ದರೆ ಮಧ್ಯಮ. ಹೆಚ್ಚಿನವು ಕೋರ್ಟಿನ ನಡುವೆಯೇ ಬೀಳುತ್ತಿದ್ದರೆ ನೀವಿನ್ನೂ ಕಲಿಯುವ ಹಂತದಲ್ಲಿದ್ದೀರಿ. ಅದರಲ್ಲಿ ಸಂಕೋಚ ಏನೂ ಬೇಡ. ಆದರೆ ರಾಕೆಟ್ ಮಾತ್ರ ಆ ಹಂತಕ್ಕೇ ಕೊಳ್ಳಿ.

ಸ್ಮ್ಯಾಶ್ ನೋಡಿ ಹಂತ ಅಳೆಯಬೇಡಿ. ನೆಟ್ ಹತ್ತಿರ ಸಿಕ್ಕಿದ್ದನ್ನು ಯಾರು ಬೇಕಾದರೂ ಬಡಿಯಬಹುದು.

2. ತೂಕ

ರಾಕೆಟ್ ಮೇಲೆ 4ಯು (4U) ಅಂತ ಬರೆದಿರುವುದನ್ನು ತೆಗೆದುಕೊಳ್ಳಿ. ಯೋನೆಕ್ಸ್ ಕಂಪನಿಯ ಲೆಕ್ಕದಲ್ಲಿ ಅದು 80ರಿಂದ 84 ಗ್ರಾಂ. 3ಯು ಅಂದರೆ 85ರಿಂದ 89, 5ಯು ಅಂದರೆ 75ರಿಂದ 79. ಅಂಕಿ ಹೆಚ್ಚಾದಷ್ಟೂ ರಾಕೆಟ್ ಹಗುರ. ಡಬಲ್ಸ್ ಆಡುವವರಿಗೆ, ಅಂದರೆ ನಮ್ಮಲ್ಲಿ ಹೆಚ್ಚು ಕಡಿಮೆ ಎಲ್ಲರಿಗೂ, 4ಯು ಸಾಕು. ಹತ್ತು ಹನ್ನೆರಡು ವರ್ಷದ ಮಕ್ಕಳಿಗೆ, ಭುಜದ ತೊಂದರೆ ಇರುವವರಿಗೆ 5ಯು.

3. ಬ್ಯಾಲೆನ್ಸ್ ಮತ್ತು ಶಾಫ್ಟ್: ಎಲ್ಲರೂ ಎಡವುವುದು ಇಲ್ಲೇ

ಒಂದೇ ತೂಕದ ಎರಡು ರಾಕೆಟ್ ಕೈಗೆ ಪೂರ್ತಿ ಬೇರೆಬೇರೆಯಾಗಿ ಅನ್ನಿಸಬಹುದು. ತೂಕ ತಲೆಯ ಕಡೆ ಜಾಸ್ತಿ ಇದ್ದರೆ ಹೆಡ್ ಹೆವಿ, ಹಿಡಿಯ ಕಡೆ ಇದ್ದರೆ ಹೆಡ್ ಲೈಟ್, ನಡುವೆ ಇದ್ದರೆ ಈವನ್. ಹೆಡ್ ಹೆವಿ ಸ್ಮ್ಯಾಶಿಗೆ ಬಲ ಕೊಡುತ್ತದೆ, ಆದರೆ ಎದುರಿನವರು ಮೈಮೇಲೆ ಬಡಿದಾಗ ರಾಕೆಟ್ ತಿರುಗಿಸುವಷ್ಟರಲ್ಲಿ ಶಟಲ್ ಹೋಗಿಬಿಟ್ಟಿರುತ್ತದೆ. ಹೆಡ್ ಲೈಟ್‌ನಲ್ಲಿ ಡಿಫೆನ್ಸು, ಡ್ರೈವು (ನೆಟ್ ಮೇಲೆ ನೇರವಾಗಿ ಹೊಡೆಯುವುದು) ಚುರುಕು.

ಇದನ್ನು ಅಂಗಡಿಯಲ್ಲೇ ನೋಡಿಕೊಳ್ಳಬಹುದು. ಗಟ್, ಅಂದರೆ ತಲೆಯ ಎಳೆಗಳ ಬಲೆ, ಹಾಕಿರುವ ರಾಕೆಟ್ಟನ್ನೇ ಕೇಳಿ. ಶಾಫ್ಟ್ ಅನ್ನು, ಅಂದರೆ ಹಿಡಿಗೂ ತಲೆಗೂ ನಡುವಿನ ತೆಳ್ಳನೆಯ ಕೋಲನ್ನು, ತೋರುಬೆರಳಿನ ಮೇಲೆ ಅಡ್ಡಲಾಗಿ ಇಟ್ಟು ನಿಧಾನಕ್ಕೆ ಆಚೀಚೆ ಸರಿಸಿ. ಎರಡೂ ಕಡೆ ಸಮನಾಗಿ ನಿಲ್ಲುವ ಜಾಗ ಸಿಕ್ಕಾಗ ಅಲ್ಲಿಂದ ಹಿಡಿಯ ತುದಿಯವರೆಗೆ ಟೇಪಿನಲ್ಲಿ ಅಳೆಯಿರಿ. ಸುಮಾರು 285 ಮಿಲಿಮೀಟರಿಗಿಂತ ಕಡಿಮೆ ಬಂದರೆ ಹೆಡ್ ಲೈಟ್, 295 ದಾಟಿದರೆ ಹೆಡ್ ಹೆವಿ, ನಡುವಿನದು ಈವನ್. ಗಟ್ ಇಲ್ಲದ ರಾಕೆಟ್ ಅಳೆದರೆ ಲೆಕ್ಕ ತಪ್ಪುತ್ತದೆ, ಯಾಕೆಂದರೆ ಗಟ್ಟಿನ ಒಂದಿಷ್ಟು ಗ್ರಾಂ ಪೂರ್ತಿ ತಲೆಯ ಕಡೆಗೇ ಸೇರುತ್ತದೆ. ಓವರ್‌ಗ್ರಿಪ್ (ಹಿಡಿಯ ಮೇಲೆ ಸುತ್ತುವ ಪಟ್ಟಿ) ಸುತ್ತಿದರೆ ತೂಕ ಮತ್ತೆ ಹಿಡಿಯ ಕಡೆ ವಾಲುತ್ತದೆ. ತೀರಾ ತಲೆಭಾರ ಅನ್ನಿಸುವ ರಾಕೆಟ್ ಮನೆಯಲ್ಲಿ ಬಿದ್ದಿದ್ದರೆ ಒಂದು ಓವರ್‌ಗ್ರಿಪ್ ಸುತ್ತಿ ನೋಡಿ, ಎಷ್ಟೋ ವಾಸಿಯಾಗುತ್ತದೆ.

ಇನ್ನು ಶಾಫ್ಟ್. ಬ್ಯಾಲೆನ್ಸ್ ಬಗ್ಗೆ ಎಲ್ಲರೂ ಮಾತಾಡುತ್ತಾರೆ, ಶಾಫ್ಟ್ ಬಗ್ಗೆ ಯಾರೂ ಕೇಳುವುದೇ ಇಲ್ಲ. ಕಲಿಯುವವರಿಗೆ ಹೆಚ್ಚು ತೊಂದರೆ ಕೊಡುವುದು ಇದೇ. ನೀವು ಬೀಸಿದಾಗ ಶಾಫ್ಟ್ ಸ್ವಲ್ಪ ಹಿಂದಕ್ಕೆ ಬಾಗಿ, ಶಟಲಿಗೆ ತಾಗುವ ಹೊತ್ತಿಗೆ ಮುಂದಕ್ಕೆ ಚಿಮ್ಮಬೇಕು. ಗಟ್ಟಿ ಶಾಫ್ಟ್ ಬಾಗಬೇಕಾದರೆ ಬೀಸು ಬಹಳ ವೇಗವಾಗಿರಬೇಕು. ಆ ವೇಗ ಇಲ್ಲದವರ ಕೈಯಲ್ಲಿ ಅದು ಬಾಗುವುದೇ ಇಲ್ಲ, ಎಲ್ಲ ಬಲವನ್ನೂ ನಿಮ್ಮ ತೋಳೇ ಕೊಡಬೇಕು. ಮೆತ್ತಗಿನ ಶಾಫ್ಟ್ ನಿಧಾನದ ಬೀಸಿಗೂ ಬಾಗುತ್ತದೆ, ಶಟಲ್ ಸುಲಭವಾಗಿ ಹಿಂದಿನ ಗೆರೆಗೆ ಹೋಗುತ್ತದೆ. ಆದರೆ ಬೀಸು ತುಂಬ ಜೋರಾದವರಿಗೆ ಇದೇ ತೊಂದರೆ: ಶಾಫ್ಟ್ ಚಿಮ್ಮುವುದು ತಡವಾಗುತ್ತದೆ, ಗುರಿ ತಪ್ಪುತ್ತದೆ.

ಪರೀಕ್ಷಿಸೋದು ಹೀಗೆ. ಒಂದು ಕೈಯಲ್ಲಿ ರಾಕೆಟ್ಟಿನ ಹಿಡಿಯನ್ನೂ ಇನ್ನೊಂದು ಕೈಯಲ್ಲಿ ಫ್ರೇಮಿನ ತುದಿಯನ್ನೂ ಹಿಡಿದು ಮೆಲ್ಲಗೆ ಬಾಗಿಸಿ. ನಾಲ್ಕೈದು ರಾಕೆಟ್ ಒಟ್ಟಿಗೆ ಇಟ್ಟುಕೊಂಡು ಒಂದಾದ ಮೇಲೆ ಒಂದನ್ನು ಬಾಗಿಸಿದರೆ ವ್ಯತ್ಯಾಸ ಕೈಗೇ ಗೊತ್ತಾಗುತ್ತದೆ. ಒಂದು ಕಂಪನಿಯ ಮೀಡಿಯಂ ಇನ್ನೊಂದರ ಸ್ಟಿಫ್ (ಗಟ್ಟಿ) ಆಗಿರುವುದುಂಟು, ಹಾಗಾಗಿ ರಾಕೆಟ್ ಮೇಲೆ ಬರೆದದ್ದನ್ನು ಪೂರ್ತಿ ನಂಬಬೇಡಿ.

"ಹೆಡ್ ಲೈಟ್ ಅಂದರೆ ಸುಲಭದ ರಾಕೆಟ್" ಅನ್ನುವುದೂ ತಪ್ಪು ತಿಳಿವಳಿಕೆ. ಯೋನೆಕ್ಸ್‌ನ ನ್ಯಾನೋಫ್ಲೇರ್ 1000 ಝಡ್ ಹೆಡ್ ಲೈಟೇ, ಆದರೆ ಶಾಫ್ಟ್ ಎಕ್ಸ್‌ಟ್ರಾ ಸ್ಟಿಫ್. ನಮ್ಮ ಸಾತ್ವಿಕ್‌ಸಾಯಿರಾಜ್ ರಂಕಿರೆಡ್ಡಿ 2023ರಲ್ಲಿ ಜಪಾನಿನಲ್ಲಿ ಗಂಟೆಗೆ 565 ಕಿಲೋಮೀಟರ್ ವೇಗದ ಸ್ಮ್ಯಾಶ್ ಹೊಡೆದು ಗಿನ್ನೆಸ್ ದಾಖಲೆ ಮಾಡಿದ್ದು ಇದರಲ್ಲೇ. ಆ ವೇಗ ಬಂದದ್ದು ಅವರ ಭುಜ ಮತ್ತು ಮಣಿಕಟ್ಟಿನಿಂದ. ಡೆನ್ಮಾರ್ಕಿನ ಆಟಗಾರ ವಿಕ್ಟರ್ ಆಕ್ಸೆಲ್ಸನ್ ಹೆಸರಿನ ಜೊತೆ ಕೇಳಿಬರುವ ಆಸ್ಟ್ರಾಕ್ಸ್ 100 ಝಡ್‌ಝಡ್ ಕೂಡ ಸುಲಭದ ರಾಕೆಟ್ ಅಲ್ಲ, ಹೆಡ್ ಹೆವಿ ಮತ್ತು ಎಕ್ಸ್‌ಟ್ರಾ ಸ್ಟಿಫ್. ಆಕ್ಸೆಲ್ಸನ್ 1.94 ಮೀಟರ್ ಎತ್ತರದ ಆಳು, ದಿನವಿಡೀ ತರಬೇತಿ ಮಾಡಿದವರು. ವಾರಕ್ಕೆರಡು ದಿನ ಆಡುವ ನಮಗೆ ಅದು ಯಾಕೆ?

ನನ್ನನ್ನು ಕೇಳಿದರೆ, ಕಲಿಯುವವರಿಗೆ ಈವನ್ ಬ್ಯಾಲೆನ್ಸ್, ಫ್ಲೆಕ್ಸಿಬಲ್ ಶಾಫ್ಟ್. ಮಧ್ಯಮದವರಿಗೆ ಈವನ್ ಅಥವಾ ಸ್ವಲ್ಪ ಹೆಡ್ ಹೆವಿ, ಮೀಡಿಯಂ ಶಾಫ್ಟ್. ಸ್ಟಿಫ್ ಬೇಕೋ ಬೇಡವೋ ಅಂತ ಅನುಮಾನವಿದ್ದರೆ ಬೇಡ ಅಂತಲೇ ಅರ್ಥ.

4. ಗ್ರಿಪ್

ಹಿಡಿಯ ದಪ್ಪದಲ್ಲಿ ಜಿ5 (G5) ತೆಗೆದುಕೊಳ್ಳಿ, ಕೈ ದೊಡ್ಡದಿದ್ದರೆ ಜಿ4. ಯೋನೆಕ್ಸ್‌ನಲ್ಲಿ ಅಂಕಿ ಹೆಚ್ಚಾದಷ್ಟೂ ಹಿಡಿ ಸಣ್ಣ, ಬೇರೆ ಕಂಪನಿಗಳ ಲೆಕ್ಕ ಬೇರೆ ಇರಬಹುದು. ಸಣ್ಣದನ್ನು ಓವರ್‌ಗ್ರಿಪ್ ಸುತ್ತಿ ದಪ್ಪ ಮಾಡಬಹುದು, ದಪ್ಪದ್ದನ್ನು ಸಣ್ಣ ಮಾಡಲು ಆಗುವುದಿಲ್ಲ.

5. ಗಟ್ಟಿಂಗ್: ದುಡ್ಡು ಹಾಕಬೇಕಾದ್ದು ಇಲ್ಲಿ

5,000 ರೂಪಾಯಿ ಇದ್ದರೆ 5,000ದ ರಾಕೆಟ್ ಕೊಳ್ಳಬೇಡಿ. 3,500ರದ್ದು ಕೊಂಡು ಉಳಿದದ್ದರಲ್ಲಿ ಒಳ್ಳೆಯ ಗಟ್ ಹಾಕಿಸಿ. ಕಡಿಮೆ ಬೆಲೆಯ ರಾಕೆಟ್ಟಿನ ಜೊತೆ ಬರುವ ಫ್ಯಾಕ್ಟರಿ ಗಟ್ ಬಹಳ ಸಲ ಸಡಿಲವಾಗಿ, ಜೀವ ಇಲ್ಲದಂತೆ ಇರುತ್ತದೆ. ಅದನ್ನು ಕತ್ತರಿಸಿ ಹೊಸದು ಹಾಕಿಸಿದರೆ ಅದೇ ರಾಕೆಟ್ ಬೇರೆ ರಾಕೆಟ್ ಆಗುತ್ತದೆ.

ಟೆನ್ಷನ್, ಅಂದರೆ ಗಟ್ಟಿನ ಬಿಗಿ, ಎಷ್ಟು? ಕಲಿಯುವವರಿಗೆ 20ರಿಂದ 22 ಪೌಂಡ್, ಮಧ್ಯಮದವರಿಗೆ 23ರಿಂದ 25. "28 ಹಾಕಿ ಸಾರ್, ಪವರ್ ಬರುತ್ತೆ" ಅನ್ನುವವರು ಸಿಕ್ಕೇ ಸಿಗುತ್ತಾರೆ. ಕೇಳಬೇಡಿ. ಗಟ್ ಸ್ವಲ್ಪ ಸಡಿಲ ಇದ್ದಾಗ ತಾನೇ ಶಟಲನ್ನು ಚಿಮ್ಮಿಸುತ್ತದೆ, ಬಿಗಿ ಮಾಡಿದಷ್ಟೂ ಆ ಸಹಾಯ ಕಡಿಮೆಯಾಗುತ್ತದೆ. ಜೊತೆಗೆ ಶಟಲ್ ಸರಿಯಾಗಿ ತಾಗಬೇಕಾದ ನಡುವಿನ ಜಾಗವೂ ಕಿರಿದಾಗುತ್ತದೆ, ಸ್ವಲ್ಪ ಆಚೀಚೆ ತಾಗಿದರೆ ಪೆಟ್ಟು ಮೊಣಕೈಗೆ ಬರುತ್ತದೆ. ಬಿಗಿ ಗಟ್ ಕೊಡುವುದು ಶಟಲ್ ಮೇಲಿನ ಹಿಡಿತವನ್ನು, ಅದೂ ಬೀಸಿನಲ್ಲಿ ವೇಗ ಇರುವವರಿಗೆ.

ಗಟ್ ಯಾವುದು ಅಂದರೆ ಯೋನೆಕ್ಸ್‌ನ ಬಿಜಿ65 (BG65). ದಪ್ಪ 0.70 ಮಿಲಿಮೀಟರ್, ಬಾಳಿಕೆ ಬರುತ್ತದೆ, ಬೆಲೆಯೂ ಕೈಗೆಟುಕುತ್ತದೆ. ತೆಳ್ಳಗಿನ ಬಿಜಿ66 ಅಲ್ಟಿಮ್ಯಾಕ್ಸ್ 0.65ರದ್ದು, ಸದ್ದು ಚೆನ್ನಾಗಿ ಬರುತ್ತದೆ, ಆದರೆ ಫ್ರೇಮಿನ ಹತ್ತಿರ ತಾಗಿಸುವವರ ಕೈಯಲ್ಲಿ ಬೇಗ ಪಟ್ ಅನ್ನುತ್ತದೆ. ಗಟ್ ಹಾಕುವಾಗ ಅಲ್ಲೇ ನಿಂತು ನೋಡಿ. ಮಷೀನಿನಲ್ಲಿ ಫ್ರೇಮನ್ನು ಸುತ್ತಲೂ ಸರಿಯಾಗಿ ಬಿಗಿದಿದ್ದಾರಾ, ಒಡೆದ ಗ್ರಾಮೆಟ್ (ಗಟ್ ಹಾಯುವ ರಂಧ್ರದ ಪ್ಲಾಸ್ಟಿಕ್ ಕೊಳವೆ) ಬದಲಾಯಿಸಿದ್ದಾರಾ ಗಮನಿಸಿ. ಫ್ರೇಮ್ ಎಷ್ಟು ಪೌಂಡ್ ತಾಳುತ್ತದೆ ಅನ್ನುವುದು ರಾಕೆಟ್ ಮೇಲೇ ಬರೆದಿರುತ್ತದೆ, ಅದನ್ನು ಮೀರಬೇಡಿ.

ಕೊಳ್ಳುವಾಗ ಇನ್ನೊಂದೆರಡು ಮಾತು

ಎರಡು ರಾಕೆಟ್, ಒಂದು ಕವರ್, ಮೂರು ಶಟಲ್ ಸೇರಿಸಿ ಕೆಲವು ನೂರು ರೂಪಾಯಿಗೆ ಕೊಡುವ ಸ್ಟೀಲ್ ಸೆಟ್ ಮಕ್ಕಳು ಮನೆ ಮುಂದೆ ಆಡೋಕೆ ಸರಿ. ಕೋರ್ಟಿಗೆ ಪೂರ್ತಿ ಗ್ರ್ಯಾಫೈಟಿನದೇ ಬೇಕು. ಫ್ರೇಮಿಗೂ ಶಾಫ್ಟಿಗೂ ನಡುವೆ ಬೇರೆ ತುಂಡಿನ ಜಾಯಿಂಟ್ ಕಂಡರೆ ವಾಪಸ್ ಇಡಿ. 15,000ದ ರಾಕೆಟ್ ಯಾರಾದರೂ 3,000ಕ್ಕೆ ಕೊಡುತ್ತೇನೆ ಅಂದರೆ ಅದು ಡೂಪ್ಲಿಕೇಟ್, ಬೇರೆ ಮಾತೇ ಇಲ್ಲ. ಬಣ್ಣ ಅಕ್ಷರ ಎಲ್ಲ ಹಾಗೇ ಇರುತ್ತದೆ, ಶಾಫ್ಟ್ ಮಾತ್ರ ಹೇಗಿದೆ ಅಂತ ಯಾರಿಗೂ ಗೊತ್ತಿರುವುದಿಲ್ಲ. ಬಿಲ್ ಕೊಡುವ ಅಂಗಡಿಯಲ್ಲೇ ಕೊಳ್ಳಿ. ಆನ್‌ಲೈನ್‌ನಲ್ಲಿ ಕೊಳ್ಳುವುದಾದರೆ ಅದೇ ಮಾಡೆಲ್ ಇರುವ ಗೆಳೆಯರನ್ನು ಕೇಳಿ ಎರಡು ಗೇಮ್ ಆಡಿ, ಆಮೇಲೆ ಆರ್ಡರ್ ಮಾಡಿ.

ಕೊಂಡ ಮೇಲೆ ರಾಕೆಟ್ಟನ್ನು ಬಿಸಿಲಲ್ಲಿ ನಿಂತ ಕಾರಿನ ಡಿಕ್ಕಿಯಲ್ಲಿ ಬಿಡಬೇಡಿ, ಗಟ್ ಬೇಗ ಸಡಿಲಾಗುತ್ತದೆ. ಆಡುವಾಗ ಒಂದು ಎಳೆ ಕಿತ್ತುಹೋದರೆ ಮನೆಗೆ ಹೋಗಿ ನೋಡೋಣ ಅಂತ ಬ್ಯಾಗಿಗೆ ಹಾಕಬೇಡಿ. ಒಂದು ಕಡೆ ಎಳೆತ ತಪ್ಪಿದಾಗ ಉಳಿದ ಎಳೆಗಳು ಫ್ರೇಮನ್ನು ಸೊಟ್ಟಗೆ ಎಳೆಯುತ್ತವೆ. ಅಲ್ಲೇ ಕತ್ತರಿ ತೆಗೆದುಕೊಂಡು ನಡುವಿನಿಂದ ಶುರು ಮಾಡಿ, ಉದ್ದದ್ದು ಒಂದು ಅಡ್ಡದ್ದು ಒಂದು ಹೀಗೆ ಹೊರಗಿನವರೆಗೆ ಎಲ್ಲವನ್ನೂ ಕತ್ತರಿಸಿಬಿಡಿ.