ಮುರಕಲ್ಲಿನ ಜಾಡು ಹಿಡಿದು ಕಾಸರಗೋಡು ನೋಡುದು ಹೇಗೆ

ಇಲ್ಲಿಗೆ ಬಂದವರೆಲ್ಲ ಬೇಕಲ ಕೋಟೆಗೆ ಹೋಗಿ, ಸಮುದ್ರದ ಎದುರು ಸೆಲ್ಫಿ ತೆಗ್ದು, ಸೀದಾ ವಾಪಸ್. ಅಷ್ಟಕ್ಕೇ ಆದ್ರೆ ಇಷ್ಟು ದೂರ ಬರುದೆಂತಕ್ಕೆ ಮಾರಾಯ್ರೆ? ನಮ್ಮಲ್ಲಿ ಹಳತು ಅಂತ ಉಳ್ದದ್ದು ಹೆಚ್ಚಿನದ್ದೂ ಮುರಕಲ್ಲಲ್ಲೇ (ಜಂಬಿಟ್ಟಿಗೆ ಕಲ್ಲು) ಉಂಟು, ಕೆಲವು ಕಟ್ಟಿದ್ದು, ಕೆಲವು ಕೊರೆದದ್ದು.

ಬೇಕಲಕ್ಕೆ ಹೋಗ್ಬೇಡಿ ಅಂತಲ್ಲ. ಹೋದ್ರೆ ಗೋಡೆಯ ಕಂಡಿಗಳನ್ನ ಬಗ್ಗಿ ನೋಡಿ: ಮೇಲಿನ ಕಂಡಿ ದೂರದ ವೈರಿಗೆ, ಅದ್ರ ಕೆಳಗಿನದ್ದು ಹತ್ತಿರ ಬಂದವನಿಗೆ, ತೀರಾ ಕೆಳಗಿನದ್ದು ಕೋಟೆ ಬುಡಕ್ಕೇ ಬಂದವನಿಗೆ. 17ನೇ ಶತಮಾನದಲ್ಲಿ ಇದನ್ನ ಕಟ್ಟಿಸಿದ ಕೆಳದಿಯ ಶಿವಪ್ಪ ನಾಯಕನೇ ಚಂದ್ರಗಿರಿ ಕೋಟೆಯನ್ನೂ ಕಟ್ಟಿಸಿದ್ದು ಅಂತಾರೆ, ಅದು ಟೌನಿಂದ ನಾಲ್ಕೈದು ಕಿಲೋಮೀಟರ್, ಹೊಳೆ ದಾಟಿದ ಮೇಲೆ. ಅಲ್ಲಿಗೆ ಸಂಜೆ ನಾಲ್ಕರ ಮೇಲೆ ಹೋಗಿ, ನೀರು ತಕೊಂಡೇ ಹೋಗಿ. ಹೊಳೆ ಸಮುದ್ರ ಸೇರುದು ಮೇಲಿಂದ ಕಾಣ್ತದೆ. ತುಳುನಾಡಿನ ಗಡಿ ಈ ಹೊಳೆ ಅಂತ ನಮ್ಮ ಅಜ್ಜಂದಿರ ಲೆಕ್ಕ, 1956ರಲ್ಲಿ ರಾಜ್ಯದ ಗೆರೆ ಬೇರೆ ಕಡೆ ಬಿದ್ದು ಕಾಸರಗೋಡು ಕೇರಳಕ್ಕೆ ಹೋಯ್ತು, ಆ ಕತೆ ಶುರು ಮಾಡಿದ್ರೆ ಇವತ್ತಿಗೆ ಮುಗಿಯುದಿಲ್ಲ. ಮಳೆಗಾಲದಲ್ಲಿ ಗೋಡೆ ಹತ್ಬೇಡಿ, ಪಾಚಿ.

ಕುಂಬಳೆಯ ಆರಿಕ್ಕಾಡಿ ಕೋಟೆ ಹೈವೇ ಪಕ್ಕದಲ್ಲೇ, ಅರ್ಧ ಗಂಟೆ ಸಾಕು. ಅನಂತಪುರದ ಕೆರೆ ದೇವಸ್ಥಾನಕ್ಕೆ ಬೆಳಿಗ್ಗೆಯೇ ಹೋಗಿ, ಮಧ್ಯಾಹ್ನ ಬಾಗಿಲು ಹಾಕ್ತಾರೆ. ಆ ಕೆರೆಯಲ್ಲಿದ್ದ ಮೊಸಳೆ ಬಬಿಯಾ 2022ರ ಅಕ್ಟೋಬರಲ್ಲಿ ತೀರಿಕೊಂಡಿತು, ಆದ್ರೂ ಜನ ಈಗಲೂ ಕೆರೆಗೆ ಕಣ್ಣು ಹಾಕಿಯೇ ಒಳಗೆ ಹೋಗುದು.

ಆದ್ರೆ ನನ್ನನ್ನ ಕೇಳಿದ್ರೆ ಕೋಟೆಗಿಂತ ಸುರಂಗ ನೋಡಿ. ಬಾಯಾರು, ಪೈವಳಿಕೆ, ಎಣ್ಮಕಜೆ ಕಡೆ ಬಾವಿಯ ಬದ್ಲು ಗುಡ್ಡವನ್ನೇ ಅಡ್ಡಕ್ಕೆ ಕೊರೆದು ನೀರು ತೆಗೆದಿದ್ದಾರೆ, ಪಿಕ್ಕಾಸು ಮತ್ತೆ ಬುಟ್ಟಿ ಬಿಟ್ರೆ ಮಿಷನ್ ಗಿಷನ್ ಎಂತದೂ ಇಲ್ಲ. ಒಬ್ಬ ಮನುಷ್ಯ ತೂರುವಷ್ಟೇ ಅಗಲ, ಕೆಲವು ನೂರಾರು ಅಡಿ ಉದ್ದ. ಒಳಗೆ ಕೆಲಸ ಮಾಡುವವರು ಕ್ಯಾಂಡಲ್ ಹಚ್ಚಿಟ್ಕೊಳ್ತಿದ್ರು, ಅದು ನಂದಿದ್ರೆ ಗಾಳಿ ಸಾಲುದಿಲ್ಲ, ಹೊರಗೆ ಓಡ್ಬೇಕು. ನಾನು ಮೊದಲ ಸಲ ಇಳಿದದ್ದು ನೆಂಟರ ತೋಟದಲ್ಲಿ: ಪಾದ ಮುಳುಗುವಷ್ಟು ತಣ್ಣನೆ ನೀರು, ಗೋಡೆಯಲ್ಲಿ ಪಿಕ್ಕಾಸಿನ ಗೆರೆ ಹಾಗೇ ಉಂಟು, ಹತ್ತು ಹೆಜ್ಜೆ ಆಗುವಾಗ ಒಂದು ಬಾವಲಿ ಮುಖಕ್ಕೇ ಬಂತು, ಅಲ್ಲಿಂದಲೇ ವಾಪಸ್ಸು!

ಇದಕ್ಕೆ ಬೋರ್ಡೂ ಇಲ್ಲ ಟಿಕೆಟ್ಟೂ ಇಲ್ಲ, ಎಲ್ಲ ಮನೆಯವರ ತೋಟದ ಒಳಗೇ. ಅಂಗಳದಲ್ಲಿ ನಿಂತು "ಅಕ್ಕಾ, ಸುರಂಗ ಉಂಟಾ, ನೋಡ್ಬಹುದಾ" ಅಂತ ಕೇಳಿ, ಹೆಚ್ಚಿನವರು ಬೇಡ ಅನ್ನುದಿಲ್ಲ. ಬಾಯಿಯ ಹತ್ರ ನಿಂತು ಟಾರ್ಚ್ ಹಾಕಿ ನೋಡಿದ್ರೆ ಸಾಕು, ಚಪ್ಪಲಿ ಹಾಕಿ ನೀರಿಗೆ ಇಳಿಬೇಡಿ, ಅದು ಅವರು ಕುಡಿಯುವ ನೀರು. ಆಮೇಲೆ ಜಗಲಿಯಲ್ಲಿ ಕೂರಿಸಿ ನಿಮಗೆ ಬೆಲ್ಲದ ಜೊತೆ ಕೊಡುದೂ ಅದನ್ನೇ.