ಊರ ನಾಟಕದ ಹಾಡುಗಳ ಡಿವಿಡಿ ಮತ್ತೆ ಕಟ್ಟುವಾಗ ಬರುವ ಎರರ್‌ಗಳು

ಗುಬ್ಬಿ, ತುರುವೇಕೆರೆ, ಕುಣಿಗಲ್ ಕಡೆ ಜಾತ್ರೆಗೆ ಆಡಿದ ಪೌರಾಣಿಕ ನಾಟಕ ಬೆಳಗಿನ ಜಾವದವರೆಗೂ ನಡೆಯುವುದರಿಂದ ಅದರ ವಿಡಿಯೊ ಒಂದು ಡಿಸ್ಕಿಗೆ ಹಿಡಿಸುವುದಿಲ್ಲ, ಮೂರು ನಾಲ್ಕು ಬೇಕು. ಆ ಹಳೇ ಡಿಸ್ಕ್‌ಗಳಿಂದ ಕಂದ, ಹಾಡುಗಳನ್ನಷ್ಟೇ ಆರಿಸಿ ಹೊಸ ಡಿವಿಡಿ ಮಾಡಲು ಕೂತಾಗ ಎರರ್‌ಗಳು ಸಾಲುಗಟ್ಟಿ ಬರುತ್ತವೆ. ಪರದೆಯ ಕೊನೆಯ ಸಾಲನ್ನು ಹಿಡಿದುಕೊಂಡು ಹೋಗಬೇಡಿ. ಅದು ಪ್ರೋಗ್ರಾಂ ಬಿದ್ದ ಜಾಗ; ಎಡವಿದ ಕಲ್ಲು ಸಾಮಾನ್ಯವಾಗಿ ಎರಡು ಹಂತ ಹಿಂದೆ ಇರುತ್ತದೆ. ಲಾಗನ್ನು (ಪ್ರೋಗ್ರಾಂ ತನ್ನ ಕೆಲಸವನ್ನು ಬರೆದಿಡುವ ಪಟ್ಟಿ) ಮೇಲಿನಿಂದ ಓದಿ, ಮೊದಲು ಕಾಣುವ ಎಚ್ಚರಿಕೆಯಿಂದ ಶುರು ಮಾಡಿ.

ಕೆಲಸ ಯಾವತ್ತೂ ಹಾರ್ಡ್‌ಡಿಸ್ಕ್ ಮೇಲಿರಲಿ. ಡ್ರೈವಿನಲ್ಲಿರುವ ಡಿಸ್ಕನ್ನೇ ನೇರವಾಗಿ ಎಡಿಟರ್‌ಗೆ ಕೊಟ್ಟರೆ ಒಂದು ಗೀರು ಸಿಕ್ಕಿದ ಕೂಡಲೇ ಎಡಿಟರ್ ನಿಂತುಹೋಗುತ್ತದೆ. ವಿಂಡೋಸ್‌ನಲ್ಲಿ ಕಾಪಿ ಮಾಡುವಾಗ 'ಸೈಕ್ಲಿಕ್ ರಿಡಂಡೆನ್ಸಿ ಚೆಕ್' ಎಂದು ಬಂದರೆ ಅದು ಸಾಫ್ಟ್‌ವೇರ್ ದೋಷವಲ್ಲ, ಆ ಸೆಕ್ಟರ್ ಓದಲಾಗುತ್ತಿಲ್ಲ ಎಂದರ್ಥ. ಮೆತ್ತನೆಯ ಬಟ್ಟೆಯಿಂದ ನಡುವಿನಿಂದ ಅಂಚಿಗೆ ನೇರವಾಗಿ ಒರೆಸಿ, ಸುತ್ತು ಹಾಕಿ ಒರೆಸಬೇಡಿ. ಇನ್ನೊಂದು ಡ್ರೈವಿನಲ್ಲೂ ಹಾಕಿ ನೋಡಿ. ಆಗಲೂ ಬಾರದಿದ್ದರೆ ಲಿನಕ್ಸ್‌ನ ಡಿಡಿರೆಸ್ಕ್ಯೂಗೆ ಸೆಕ್ಟರ್ ಗಾತ್ರ 2048 ಎಂದು ಕೊಟ್ಟು ಓಡಿಸಿ. ಅದು ಓದಲಾದದ್ದನ್ನು ಮೊದಲು ತೆಗೆದುಕೊಂಡು, ಕೆಟ್ಟ ಜಾಗಗಳಿಗೆ ಆಮೇಲೆ ಮರಳುತ್ತದೆ. ಡಿಸ್ಕಿನಲ್ಲಿ ರೆಕಾರ್ಡಿಂಗ್ ಇದ್ದೂ ಕಂಪ್ಯೂಟರ್ ಖಾಲಿ ಎಂದು ತೋರಿಸಿದರೆ ಫೈನಲೈಸ್ ಆಗಿರುವುದಿಲ್ಲ, ಅಂದರೆ ಬೇರೆ ಯಂತ್ರಗಳೂ ಓದುವಂತೆ ಡಿಸ್ಕನ್ನು ಮುಗಿಸಿರುವುದಿಲ್ಲ. ರೆಕಾರ್ಡ್ ಮಾಡಿದ ಯಂತ್ರದಲ್ಲೇ ಹಾಕಿ ಫೈನಲೈಸ್ ಮಾಡುವುದು ಸುಲಭದ ದಾರಿ.

ಹೆಚ್ಚು ಜನ ಕೈ ಸುಟ್ಟುಕೊಳ್ಳುವುದು ವಿಒಬಿ ಫೈಲುಗಳಲ್ಲಿ, ಅಂದರೆ ಡಿವಿಡಿಯ ಚಿತ್ರ, ದನಿ ಇರುವ ಫೈಲುಗಳಲ್ಲಿ. ವಿಡಿಯೊ ಟಿಎಸ್ ಫೋಲ್ಡರಿನಲ್ಲಿ ವಿಟಿಎಸ್ 01_1, 01_2, 01_3 ಎಂದು ಕಾಣುವವು ಮೂರು ಬೇರೆ ವಿಡಿಯೊಗಳಲ್ಲ, ಒಂದೇ ಹರಿವನ್ನು 1 ಜಿಬಿಗೆ ಒಂದರಂತೆ ಕಡಿದ ತುಂಡುಗಳು. ಕಡಿತ ಹಾಡಿನ ನಡುವೆಯೇ ಬಿದ್ದಿರಬಹುದು. ಒಂದೊಂದನ್ನೂ ಪ್ರತ್ಯೇಕವಾಗಿ ಎಡಿಟರ್‌ಗೆ ಎಳೆದರೆ ಸೇರುವಲ್ಲಿ ಚಿತ್ರ ಚೌಕಚೌಕವಾಗುತ್ತದೆ, ದನಿ ಟಪ್ಪೆನ್ನುತ್ತದೆ. 01_0 ಎಂಬ ವಿಒಬಿ ಮೆನುವಿನದು, ಅದನ್ನು ಸೇರಿಸಬೇಡಿ. ಉಳಿದವನ್ನು ಬೈನರಿ ಕಾಪಿಯಿಂದ, ಅಂದರೆ ಏನೂ ಬದಲಿಸದೆ ಒಂದರ ಹಿಂದೊಂದು ಜೋಡಿಸಿ, ಒಂದು ಮಾಡಬಹುದು. ಆದರೆ ಒಂದು ಗಂಟೆಯ ಫೈಲನ್ನು ಎಡಿಟರ್ 12 ನಿಮಿಷ ಎಂದು ತೋರಿಸಿದರೆ, ಕ್ಯಾಮೆರಾ ನಿಲ್ಲಿಸಿ ಮತ್ತೆ ಶುರು ಮಾಡಿದ ಕಡೆಯೆಲ್ಲ ಟೈಮ್‌ಸ್ಟಾಂಪ್ (ಫೈಲಿನೊಳಗಿನ ಸಮಯದ ಗುರುತು) ಸೊನ್ನೆಗೆ ಮರಳಿದೆ ಎಂದು ತಿಳಿಯಿರಿ. 'ಎಸ್‌ಸಿಆರ್ ಮೂವ್ಸ್ ಬ್ಯಾಕ್‌ವರ್ಡ್ಸ್, ರೀಮಲ್ಟಿಪ್ಲೆಕ್ಸ್ ಇನ್‌ಪುಟ್' (ಸಮಯ ಹಿಂದಕ್ಕೆ ಹೋಗಿದೆ, ಮತ್ತೆ ಹೆಣೆಯಿರಿ) ಎಂದು ಡಿವಿಡಿ ಕಟ್ಟುವ ಪ್ರೋಗ್ರಾಂ ಡಿವಿಡಿಆಥರ್ ಕೂಗುವುದೂ ಇದೇ ಕಾರಣಕ್ಕೆ. ಇಂಥದ್ದನ್ನು ಐಎಫ್‌ಒ (ಡಿಸ್ಕಿನ ಮೆನು, ಚಾಪ್ಟರ್ ಮಾಹಿತಿಯ ಫೈಲ್) ತಿದ್ದಿ ಸರಿಮಾಡಲು ಹೋಗುವುದು ದಂಡ. ಪಿಜಿಸಿಡಿಮಕ್ಸ್ ಎಂಬ ಪ್ರೋಗ್ರಾಂನಲ್ಲಿ ವಿಒಬಿ ಐಡಿ (ಪ್ರತಿ ತುಂಡು ರೆಕಾರ್ಡಿಂಗಿನ ಸಂಖ್ಯೆ) ಲೆಕ್ಕದಲ್ಲಿ ಚಿತ್ರ, ದನಿ ಎರಡನ್ನೂ ಬೇರ್ಪಡಿಸಿ, ಮತ್ತೆ ಮಲ್ಟಿಪ್ಲೆಕ್ಸ್ ಮಾಡಿ, ಅಂದರೆ ಎರಡನ್ನೂ ಒಂದೇ ಫೈಲಿಗೆ ಹೆಣೆಯಿರಿ. ಬೇರ್ಪಡಿಸಿದಾಗ ಅದರ ಲಾಗ್ ಆಡಿಯೊ ಡಿಲೇಯನ್ನು, ಅಂದರೆ ಚಿತ್ರಕ್ಕೂ ದನಿಗೂ ಇರುವ ಅಂತರವನ್ನು, ಮಿಲಿಸೆಕೆಂಡಿನಲ್ಲಿ ಬರೆದಿರುತ್ತದೆ. ಮೈನಸ್ ಗುರುತಿನ ಸಮೇತ ಬರೆದಿಟ್ಟುಕೊಳ್ಳಿ, ಕಟ್ಟುವಾಗ ಅದನ್ನೇ ಕೊಡಿ. ಇದನ್ನು ಮರೆತರೆ ಪಾತ್ರಧಾರಿ ಬಾಯಿ ತೆರೆಯುವುದೊಂದು ಹೊತ್ತು, ಹಾಡು ಕೇಳುವುದೊಂದು ಹೊತ್ತು.

ಈ ತಪ್ಪು ಹಾಡಿನ ಮೊದಲಿನಿಂದ ಕೊನೆಯವರೆಗೆ ಒಂದೇ ಅಳತೆಯಲ್ಲಿದ್ದರೆ ಡಿಲೇಯದು. ಹೋಗುತ್ತಾ ಹೋಗುತ್ತಾ ಹೆಚ್ಚಾದರೆ ಬೇರೆ ರೋಗ. ಮೊಬೈಲಿನಲ್ಲಿ ತೆಗೆದ ವಿಡಿಯೊ ಸೇರಿಸಿದ್ದರೆ ಫ್ರೇಮ್ ದರ ಏರಿಳಿಯುತ್ತಿರುತ್ತದೆ. ಮೊದಲು ಅದನ್ನು ಸೆಕೆಂಡಿಗೆ 25 ಫ್ರೇಮಿಗೆ ಕಟ್ಟಿಹಾಕಿ. ದನಿಯ ಸ್ಯಾಂಪಲ್ ದರವನ್ನೂ (ಸೆಕೆಂಡಿಗೆ ಎಷ್ಟು ಸಲ ದನಿಯನ್ನು ಅಳೆದಿದೆ ಎಂಬುದು) ನೋಡಿ. ಆಡಿಯೊ ಸಿಡಿಯದು 44,100 ಹರ್ಟ್ಜ್, ಡಿವಿಡಿ ವಿಡಿಯೊಗೆ ಬೇಕಾದದ್ದು 48,000. ದನಿ ತಿದ್ದುವ ಆಡಾಸಿಟಿಯಲ್ಲಿ ಪ್ರಾಜೆಕ್ಟ್ ರೇಟನ್ನು 44,100ರಲ್ಲೇ ಬಿಟ್ಟು ಎಕ್ಸ್‌ಪೋರ್ಟ್ ಮಾಡಿದರೆ ಡಿವಿಡಿ ಕಟ್ಟುವ ಪ್ರೋಗ್ರಾಂ ಆ ಫೈಲನ್ನು ತಿರಸ್ಕರಿಸಬಹುದು. ಅದು ಒಳ್ಳೆಯದೇ. ತಿರಸ್ಕರಿಸದೆ, ಪರಿವರ್ತಿಸದೆ 48,000 ಎಂದೇ ಓದಿಕೊಂಡರೆ ಒಂದು ಗಂಟೆಯ ದನಿ 55 ನಿಮಿಷಕ್ಕೆ ಮುಗಿಯುತ್ತದೆ, ಶ್ರುತಿ ಸುಮಾರು ಒಂದೂವರೆ ಸ್ವರಸ್ಥಾನ ಏರುತ್ತದೆ. ಬೇರೆ ಯಾರಿಗೆ ತಿಳಿಯದಿದ್ದರೂ ಹಾರ್ಮೋನಿಯಂ ಮೇಷ್ಟ್ರು ಮೊದಲ ಸಾಲಿಗೇ ಹಿಡಿಯುತ್ತಾರೆ.

ನಮ್ಮ ಕಡೆ ಟಿವಿ ಚಿತ್ರಕ್ಕೆ ಪಾಲ್ ಪದ್ಧತಿ: 720 x 576, ಸೆಕೆಂಡಿಗೆ 25 ಫ್ರೇಮ್. ವಿಡಿಯೊ ಪರಿವರ್ತಿಸುವ ಎಫ್‌ಎಫ್‌ಎಂಪೆಗ್‌ನಲ್ಲಿ ಟಾರ್ಗೆಟ್ ಆಯ್ಕೆಗೆ ಪಾಲ್ ಡಿವಿಡಿ ಎಂದು ಕೊಟ್ಟರೆ ಇವೆಲ್ಲ ತಾನಾಗಿ ಕೂರುತ್ತವೆ. ಹಳೇ ಡಿಸ್ಕಿನ ಚಿತ್ರ ಆಗಲೇ ಪಾಲ್ ಎಂಪೆಗ್-2 (ಡಿವಿಡಿಯ ವಿಡಿಯೊ ರೂಪ) ಆಗಿದ್ದರೆ ಮಾತ್ರ ಮತ್ತೆ ಎನ್‌ಕೋಡ್ ಮಾಡಬೇಡಿ, ಪ್ರತಿ ಸಲವೂ ಚಿತ್ರ ಮಂಕಾಗುತ್ತದೆ. ಹಾಗೇ ಕತ್ತರಿಸಿ ಸೇರಿಸಿ. ಆಗ ಕತ್ತರಿ ಐ-ಫ್ರೇಮ್ (ಪೂರ್ತಿ ಚಿತ್ರ ಹೊತ್ತ, ಪ್ರತಿ ಫ್ರೇಮ್ ಗುಂಪನ್ನು ಶುರು ಮಾಡುವ ಫ್ರೇಮ್) ಮೇಲೆ ಮಾತ್ರ ಬೀಳುತ್ತದೆ. ಪಾಲ್‌ನಲ್ಲಿ ಒಂದು ಗುಂಪು ಹೆಚ್ಚೆಂದರೆ 15 ಫ್ರೇಮ್, ಅಂದರೆ 0.6 ಸೆಕೆಂಡ್. ಆದ್ದರಿಂದ ಹಾಡಿನ ಎತ್ತುಗಡೆಗೆ ಒಂದು ಸೆಕೆಂಡ್ ಮುಂಚೆಯೇ ಕತ್ತರಿಸಿ.

'ನೋ ಡಿಫಾಲ್ಟ್ ವಿಡಿಯೊ ಫಾರ್ಮ್ಯಾಟ್' ಎಂದು ಡಿವಿಡಿಆಥರ್ ನಿಂತರೆ ಅದಕ್ಕೆ ಕೊಡುವ ಎಕ್ಸ್‌ಎಂಎಲ್ ಫೈಲಿನಲ್ಲಿ ಪಾಲ್ ಎಂದು ಬರೆದರೆ ಸಾಕು. 'ಫ್ರೇಮ್ ಡೇಟಾ ಅಂಡರ್‌ರನ್ಸ್' ಎಂದು ಚಿತ್ರ, ದನಿ ಹೆಣೆಯುವ ಎಂಪ್ಲೆಕ್ಸ್ ಹೇಳಿದರೆ ಬಿಟ್‌ರೇಟ್ (ಸೆಕೆಂಡಿಗೆ ಹರಿಯುವ ಡೇಟಾ) ಹೆಚ್ಚಾಗಿದೆ. ಚಿತ್ರ, ದನಿ ಎಲ್ಲ ಸೇರಿ ಸೆಕೆಂಡಿಗೆ 10.08 ಮೆಗಾಬಿಟ್ ದಾಟುವಂತಿಲ್ಲ. ಹಾಡಿನ ಡಿಸ್ಕಿಗೆ ಒತ್ತಿ ಕಿರಿದು ಮಾಡದ ಪಿಸಿಎಂ ದನಿ ಚೆನ್ನ, ಆದರೆ ಅದೊಂದೇ 1.5 ಮೆಗಾಬಿಟ್ ನುಂಗುತ್ತದೆ. ಒಂದು ಗಂಟೆಯೊಳಗಿನ ಡಿಸ್ಕಿಗೆ ಪಿಸಿಎಂ ಜೊತೆ ಚಿತ್ರಕ್ಕೆ 7.5 ಮೆಗಾಬಿಟ್ ಕೊಡಿ. ಎರಡು ಗಂಟೆ ತುಂಬಿಸಬೇಕಾದರೆ ಕಿರಿದು ಮಾಡಿದ ಎಸಿ-3 ದನಿಗೆ 256 ಕಿಲೋಬಿಟ್, ಚಿತ್ರಕ್ಕೆ ಸರಾಸರಿ 4.7ರ ಆಸುಪಾಸು. 4.7 ಜಿಬಿ ಡಿಸ್ಕ್ ವಿಂಡೋಸ್ ಲೆಕ್ಕದಲ್ಲಿ 4.38 ಮಾತ್ರ ಎಂಬುದು ನೆನಪಿರಲಿ.

ಮೆನುವಿನಲ್ಲಿ ಬರುವ ದೂರು ಬಹುಪಾಲು ಎರಡೇ. 'ಕೆನಾಟ್ ಜಂಪ್ ಟು ಚಾಪ್ಟರ್' ಎಂದರೆ ಹಾಡು ಕತ್ತರಿಸಿದ ಮೇಲೆ ಹಳೇ ಚಾಪ್ಟರ್ ಸಮಯಗಳನ್ನು ತಿದ್ದಿಲ್ಲ, ಇಲ್ಲದ ಚಾಪ್ಟರಿಗೆ ಬಟನ್ ಕೊಟ್ಟಿದ್ದೀರಿ. ಇನ್ನೊಂದು, ಬಟನ್ ಹೈಲೈಟಿನ ಚಿತ್ರಕ್ಕೆ ಪಾರದರ್ಶಕವೂ ಸೇರಿ ನಾಲ್ಕೇ ಬಣ್ಣ. ಕನ್ನಡ ಅಕ್ಷರದ ದುಂಡು ಅಂಚುಗಳನ್ನು ನಯಗೊಳಿಸುವ ಆಂಟಿ-ಅಲಿಯಾಸಿಂಗ್ ಆನ್ ಇದ್ದರೆ ಬಣ್ಣ ಹತ್ತಾರಾಗುತ್ತವೆ, ಆಫ್ ಮಾಡಿ. ಹಾಡಿನ ಹೆಸರು ಮೆನುವಿನಲ್ಲಿ ಕನ್ನಡದಲ್ಲೇ ಇರಲಿ. ಫೈಲಿನ ಹೆಸರಿಗೆ ಮಾತ್ರ ಜಾಗ ಬಿಡದ ಸಣ್ಣ ಇಂಗ್ಲಿಷ್ ಹೆಸರು ಕೊಡಿ. ಹಳೇ ಪ್ರೋಗ್ರಾಂಗಳು ಕನ್ನಡ ಹೆಸರು ಕಂಡರೆ 'ಫೈಲ್ ಇಲ್ಲ' ಎನ್ನಬಹುದು.

ಕುಣಿತದಲ್ಲಿ ಕೈಕಾಲು ಅದುರುತ್ತಾ ಹಿಂದೆಮುಂದೆ ಜಿಗಿದಂತೆ ಕಂಡರೆ ಫೀಲ್ಡ್ ಆರ್ಡರ್ (ಫ್ರೇಮಿನ ಸಮ, ಬೆಸ ಗೆರೆಗಳಲ್ಲಿ ಯಾವುವು ಮೊದಲು ಎಂಬುದು) ತಿರುಗಿದೆ. ಟೇಪಿನ ಡಿವಿ ಕ್ಯಾಮೆರಾದ್ದು ಬಾಟಮ್ ಫೀಲ್ಡ್ ಮೊದಲು. ಎನ್‌ಕೋಡರ್‌ನಲ್ಲೂ ಅದನ್ನೇ ಆರಿಸಿ. ಕಂಪ್ಯೂಟರ್ ಪರದೆಯಲ್ಲಿ ಇದು ಕಾಣದಿರಬಹುದು, ಟಿವಿಗೆ ಹಾಕಿಯೇ ನೋಡಬೇಕು.

ನೇರ ಬರ್ನ್ ಮಾಡಬೇಡಿ, ಮೊದಲು ಐಎಸ್‌ಒ (ಇಡೀ ಡಿಸ್ಕನ್ನು ಒಂದೇ ಫೈಲಿನಲ್ಲಿ ಹಿಡಿದ ಪ್ರತಿ) ಮಾಡಿ. 'ಅನ್‌ಏಬಲ್ ಟು ಮೇಕ್ ಎ ಡಿವಿಡಿ-ವಿಡಿಯೊ ಇಮೇಜ್' ಎಂದರೆ ವಿಡಿಯೊ ಟಿಎಸ್ ಫೋಲ್ಡರಿನ ಹೆಸರು ದೊಡ್ಡಕ್ಷರದಲ್ಲಿದೆಯೇ, ಐಎಫ್‌ಒಗೆ ಜೊತೆಯ ಬಿಯುಪಿ (ಅದರ ನಕಲು) ಇದೆಯೇ ನೋಡಿ. ಐಎಸ್‌ಒ ಪೆನ್‌ಡ್ರೈವಿಗೆ ಹೋಗದಿದ್ದರೆ ಆ ಪೆನ್‌ಡ್ರೈವಿನ ಫಾರ್ಮ್ಯಾಟ್ ಫ್ಯಾಟ್32, 4 ಜಿಬಿ ಮೀರಿದ ಒಂದೇ ಫೈಲನ್ನು ಅದು ಹಿಡಿಯುವುದಿಲ್ಲ. ವಿಎಲ್‌ಸಿಯಲ್ಲಿ ಎಲ್ಲ ಬಟನ್ ಒತ್ತಿ ನೋಡಿದ ಮೇಲೆ 4 ಅಥವಾ 8 ಎಕ್ಸ್ ವೇಗದಲ್ಲಿ ಡಿವಿಡಿ-ಆರ್‌ಗೆ ಬರೆಯಿರಿ. ಬರ್ನ್ ನಡುವೆ ಕರೆಂಟ್ ಹೋದರೆ ಡಿಸ್ಕ್ ತಿಪ್ಪೆಗೇ, ಯುಪಿಎಸ್ ಇಲ್ಲದಿದ್ದರೆ ಬ್ಯಾಟರಿ ತುಂಬಿದ ಲ್ಯಾಪ್‌ಟಾಪ್ ಬಳಸಿ. ಕಾಗದದ ಸ್ಟಿಕ್ಕರ್ ಅಂಟಿಸಬೇಡಿ, ತಿರುಗುವಾಗ ಡಿಸ್ಕ್ ಓಲಾಡಿ ಪ್ಲೇಯರ್ ತಡವರಿಸುತ್ತದೆ. ಹೆಸರು ಬರೆಯಲು ಡಿಸ್ಕ್ ಮಾರ್ಕರ್ ಇದೆ.