ಬ್ಯಾಕಪ್‌ಗೆ ಸುರಿದ ರೊಕ್ಕ ವಸೂಲಾಯ್ತು

ವಿಜಯಪುರದಲ್ಲಿ ನನ್ನ ಫೋಟೋ ಸ್ಟುಡಿಯೋ. ಹೋದ ಲಗ್ನದ ಸೀಸನ್‌ನಲ್ಲಿ ಎಡಿಟಿಂಗ್ ಸಿಸ್ಟಮ್‌ನ 4 ಟಿಬಿ ಡಿಸ್ಕ್ ಟಕ್ ಟಕ್ ಅಂತ ಸದ್ದು ಮಾಡಿ ನಿಂತೇ ಹೋಯ್ತು. ಒಳಗೆ ಆಲ್ಬಮ್ ಕೊಡಬೇಕಿದ್ದ ಏಳೆಂಟು ಮದುವೆ. ಮರುದಿನ ಊಟದ ಹೊತ್ತಿಗೆ ಬ್ಯಾಕಪ್‌ನಿಂದ ಒಂದು ಫೋಟೋ ಬಿಡದೆ ಎಲ್ಲ ವಾಪಸ್ ಬಂದವು. "ಆಲ್ಬಮ್ ಒಯ್ದ ಮ್ಯಾಲೆ ಯಾರ್ ಕೇಳ್ತಾರಪಾ, ಡಿಸ್ಕಿಗೆ ಯಾಕ ಇಷ್ಟ್ ರೊಕ್ಕಾ ಸುರೀತಿ?" ಅನ್ನುತ್ತಿದ್ದ ಗೆಳೆಯರಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ಡಿವಿಡಿ ಬರೆದಿಡುತ್ತಿದ್ದೆ. ನಾಲ್ಕೈದು ವರ್ಷಕ್ಕೆ ಅರ್ಧದಷ್ಟು ಓದಲೇ ಇಲ್ಲ. ಆಮೇಲೆ ಕ್ಲೌಡ್. ಒಂದು ಮದುವೆಗೆ ಸುಮಾರು 180 ಜಿಬಿ. 10 ಎಂಬಿಪಿಎಸ್ ಅಪ್ಲೋಡ್‌ನಲ್ಲಿ ಎಲ್ಲೂ ನಿಲ್ಲದೆ ಹೋದರೂ 40 ತಾಸು ಬೇಕು. ನಡುವೆ ಕರೆಂಟ್ ಹೋಗೋದು ಬೇರೆ. ಈಗ ಆಲ್ಬಮ್‌ಗೆ ಆರಿಸಿದ ಜೆಪೆಗ್ ಮಾತ್ರ ಮೇಲೆ ಹೋಗುತ್ತವೆ.

ಜಾಸ್ತಿ ಹೊಡೆತ ಬಿದ್ದಿದ್ದು ವಿಂಡೋಸ್‌ನಲ್ಲೇ ಇರುವ ಕಾಪಿ ಟೂಲ್ ರೋಬೋಕಾಪಿಯ ಮಿರರ್‌ನಿಂದ. ಇಲ್ಲಿ ಅಳಿಸಿದ್ದನ್ನು ಅದು ಅಲ್ಲೂ ಅಳಿಸುತ್ತದೆ. ಅಂಗಡಿ ಹುಡುಗ ಅರಿಶಿಣದ ಫೋಲ್ಡರ್ ಅಳಿಸಿದ, ರಾತ್ರಿ ಬ್ಯಾಕಪ್‌ನಲ್ಲೂ ಹೋಯ್ತು. ರಿಕವರಿಗೆ ಹದಿನೈದು ಸಾವಿರದ ಹತ್ತಿರ ಕೊಟ್ಟೆ. ಬಂದಿದ್ದು ಅರ್ಧ, ಅದಕ್ಕೂ ಫೈಲ್ ಹೆಸರಿಲ್ಲ.

ಈಗ 3-2-1 ನಿಯಮ: ಮೂರು ಪ್ರತಿ, ಎರಡು ಬೇರೆ ಸಾಧನಗಳಲ್ಲಿ, ಒಂದು ಬೇರೆ ಜಾಗದಲ್ಲಿ. ಅದನ್ನು ಜನಪ್ರಿಯ ಮಾಡಿದ ಪೀಟರ್ ಕ್ರೋ ಕೂಡ ಫೋಟೋಗ್ರಾಫರ್, ನಮ್ಮ ಕಸುಬಿನವರೇ. ಎರಡು ಡಿಸ್ಕಿಗೆ ಇಳಿದು ಚೆಕ್‌ಸಮ್ (ನಕಲು ಮೂಲದಂತೆಯೇ ಇದೆಯಾ ಅಂತ ನೋಡುವ ಲೆಕ್ಕ) ತಾಳೆ ಆಗುವ ತನಕ ಕ್ಯಾಮೆರಾ ಕಾರ್ಡಿಗೆ ಕೆಂಪು ಟೇಪ್, ಫಾರ್ಮ್ಯಾಟ್ ಇಲ್ಲ. ಕಾಪಿ ಮುಗಿದ ಕೂಡಲೇ ಎರಡನೇ ಡಿಸ್ಕಿನ ಕೇಬಲ್ ಕಿತ್ತು ಕಪಾಟಿಗೆ. ಹಚ್ಚೇ ಬಿಟ್ಟರೆ ಫೈಲ್‌ಗೆ ಬೀಗ ಹಾಕಿ ರೊಕ್ಕ ಕೇಳುವ ರಾನ್ಸಮ್‌ವೇರ್ ಬಂದಾಗ ಅದೂ ಹೋಗುತ್ತದೆ. ಮೂರನೇ ಡಿಸ್ಕ್ ನಮ್ಮ ಜಿಲ್ಲೆಯ ಇಂಡಿ ಊರಲ್ಲಿ, ಅಕ್ಕನ ಮನೆಯಲ್ಲಿ. ತಿಂಗಳಿಗೊಮ್ಮೆ ತರಿಸಿ ತುಂಬಿ ಕಳಿಸುತ್ತೇನೆ. ಆಗಲೇ ಯಾವುದಾದರೂ ಒಂದು ಮದುವೆಯನ್ನು ಬೇರೆ ಸಿಸ್ಟಮ್‌ಗೆ ಇಳಿಸಿ, ಪ್ರಾಜೆಕ್ಟ್ ತೆರೆದು ವಿಡಿಯೋ ಓಡಿಸಿ ನೋಡುತ್ತೇನೆ. ತೆರೆದು ನೋಡದ ಬ್ಯಾಕಪ್ಪನ್ನು ನಾನು ಲೆಕ್ಕಕ್ಕೇ ಹಿಡಿಯಲ್ಲ. ಇಷ್ಟು ಬೇಗ ಹುಡುಕಲು ಫೋಲ್ಡರ್‌ಗೆ ಹೇಗೆ ಹೆಸರಿಡುತ್ತೇನೆ ಅನ್ನೋದು ಮಾತ್ರ ಅಂಗಡಿಯ ಗುಟ್ಟು.

ಹಳೇ ಎಸ್‌ಎಸ್‌ಡಿ (ತಿರುಗುವ ತಟ್ಟೆಯ ಬದಲು ಚಿಪ್‌ನಲ್ಲಿ ಡೇಟಾ ಇಡುವ ಡಿಸ್ಕ್) ಒಂದನ್ನು ವರ್ಷದ ಮೇಲೆ ಕಪಾಟಿನಲ್ಲಿ ಸುಮ್ನೆ ಇಟ್ಟೂ ನೋಡಿದೆ. ಫೈಲ್‌ಗಳು ಚೆನ್ನಾಗೇ ಇದ್ದವು. ಆದರೆ ಕರೆಂಟ್ ಕಾಣದೆ ಬಹಳ ಕಾಲ ಇದ್ದರೆ ಎಸ್‌ಎಸ್‌ಡಿ ಡೇಟಾ ಕಳೆದುಕೊಳ್ಳಬಹುದು, ಬಿಸಿಲಿಗೆ ಇನ್ನೂ ಬೇಗ. ನಮ್ಮೂರ ಏಪ್ರಿಲ್‌ಗೆ ಬೇಡ.

ಹೆಚ್ಚಿನ ಎರಡು ಡಿಸ್ಕಿಗೆ ಇಪ್ಪತ್ತು ಸಾವಿರದ ಆಸುಪಾಸು ಹೋಗಿದೆ. ಈಗ ಪ್ರತಿ ಬಿಲ್‌ನಲ್ಲೂ "ಒಂದು ವರ್ಷ ಡೇಟಾ ಕಾಯ್ದಿಡಲು 500 ರೂಪಾಯಿ" ಅಂತ ಬರೆಯುತ್ತೇನೆ. ಯಾವ ಬೀಗರೂ ಇದುವರೆಗೆ ಚೌಕಾಸಿ ಮಾಡಿಲ್ಲ.